27 ದೇಶ, ಉದ್ಯೋಗ ನೀತಿ ಒಂದೇ – ಎಷ್ಟರ ಮಟ್ಟಿಗೆ ಸಾಧ್ಯ?

ಹಳೇಮಾಸ್ತರ:

ಐರೋಪ್ಯ ಒಕ್ಕೂಟದ ಮಾತು ಬಂದಾಗಲೆಲ್ಲ ಯೂರೋ, ಸಾಲ, ವಲಸೆ ಇಷ್ಟರಲ್ಲೇ ಚರ್ಚೆ ಮುಗಿದುಹೋಗುತ್ತದೆ. ನಾನು ಎತ್ತಬೇಕು ಅಂದುಕೊಂಡಿರುವುದು ಬೇರೆ ವಿಷಯ. ಇಷ್ಟೊಂದು ದೇಶಗಳು ಸೇರಿ ಮಾರುಕಟ್ಟೆ ಒಂದು ಮಾಡಿಕೊಂಡವು, ಗಡಿಯಲ್ಲಿ ಸುಂಕ ತೆಗೆದವು, ಅವುಗಳಲ್ಲಿ ಹೆಚ್ಚಿನವು ನಾಣ್ಯವನ್ನೂ ಒಂದು ಮಾಡಿಕೊಂಡವು. ಆದರೆ ಕೆಲಸ ಕಳೆದುಕೊಂಡವರ ಹೊಣೆ ಮಾತ್ರ ಆಯಾ ದೇಶದ ಹೆಗಲ ಮೇಲೇ ಉಳಿಯಿತು. ಇದು ಸರಿಯಾ? ಉದ್ಯೋಗ ನೀತಿಯನ್ನೂ ಒಟ್ಟಿಗೆ ನಡೆಸಬಹುದಾ?

ಮೊದಲು ಸ್ವಲ್ಪ ಹಿನ್ನೆಲೆ. 1990ರ ದಶಕದ ನಡುವೆ ಅಲ್ಲಿ ನಿರುದ್ಯೋಗ ಶೇ 10 ದಾಟಿತ್ತು. ಆಗ ಯುರೋಪಿಯನ್ ಕಮಿಷನ್ನಿನ (ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆ) ಅಧ್ಯಕ್ಷರಾಗಿದ್ದ ಜಾಕ್ ಡೆಲೋರ್ 1993ರಲ್ಲಿ ಒಂದು ಶ್ವೇತಪತ್ರ ತಂದರು. ಬೆಳವಣಿಗೆ, ಸ್ಪರ್ಧೆ, ಉದ್ಯೋಗ ಮೂರನ್ನೂ ಸೇರಿಸಿ ನೋಡಬೇಕು ಅನ್ನುವುದು ಅದರ ವಾದ. 1997ರ ಆಮ್‌ಸ್ಟರ್‌ಡ್ಯಾಮ್ ಒಪ್ಪಂದದಲ್ಲಿ ಉದ್ಯೋಗಕ್ಕೆ ಅಂತಲೇ ಒಂದು ಅಧ್ಯಾಯ ಸೇರಿತು. ಒಪ್ಪಂದ ಜಾರಿಯಾದದ್ದು 1999ರ ಮೇ ತಿಂಗಳಲ್ಲಿ, ಆದರೆ ಅಲ್ಲಿಯವರೆಗೆ ಯಾರೂ ಕಾಯಲಿಲ್ಲ. 1997ರ ನವೆಂಬರಿನಲ್ಲೇ ಲಕ್ಸೆಂಬರ್ಗಿನಲ್ಲಿ ನಾಯಕರು ಸೇರಿ ಕೆಲಸ ಶುರು ಮಾಡಿಬಿಟ್ಟರು.

ಅದು ನಡೆಯುವ ರೀತಿ ಹೀಗಿದೆ. ಎಲ್ಲ ದೇಶಗಳ ಮಂತ್ರಿಗಳು ಸೇರಿ ಮಾರ್ಗಸೂಚಿ ಒಪ್ಪುತ್ತಾರೆ. ಪ್ರತಿ ದೇಶ ತಾನು ಏನು ಮಾಡಿದೆ, ಏನು ಮಾಡಲಿದೆ ಅಂತ ವರದಿ ಕೊಡುತ್ತದೆ. ಕಮಿಷನ್ ಅದನ್ನು ಓದಿ, ಉಳಿದ ದೇಶಗಳ ಜೊತೆ ಹೋಲಿಸಿ, ನೀವು ಇದನ್ನು ತಿದ್ದಿಕೊಳ್ಳಿ ಅಂತ ಶಿಫಾರಸಿನ ಕರಡು ಬರೆಯುತ್ತದೆ, ಮಂತ್ರಿಗಳ ಮಂಡಳಿ ಅದಕ್ಕೆ ಒಪ್ಪಿಗೆ ಕೊಡುತ್ತದೆ. ತಿದ್ದಿಕೊಳ್ಳದಿದ್ದರೆ? ಏನೂ ಆಗಲ್ಲ. ದಂಡ ಇಲ್ಲ. ಬಜೆಟ್ ಕೊರತೆ ಮಿತಿ ಮೀರಿದರೆ ಯೂರೋ ಬಳಸುವ ದೇಶಕ್ಕೆ ದಂಡ ಹಾಕುವ ಅವಕಾಶವಾದರೂ ಇದೆ (2016ರಲ್ಲಿ ಸ್ಪೇನ್, ಪೋರ್ಚುಗಲ್ ವಿಷಯದಲ್ಲಿ ಆ ದಂಡವನ್ನೂ ಸೊನ್ನೆಗೆ ಇಳಿಸಿದರು, ಅದು ಬೇರೆ ಮಾತು). ಉದ್ಯೋಗದ ವಿಷಯದಲ್ಲಿ ಆ ಬೆದರಿಕೆಯೂ ಇಲ್ಲ.

2000ದ ಲಿಸ್ಬನ್ ಸಭೆಯಲ್ಲಿ, 2010ರ ಹೊತ್ತಿಗೆ ದುಡಿಯುವ ವಯಸ್ಸಿನವರಲ್ಲಿ ಶೇ 70ರಷ್ಟು ಜನಕ್ಕೆ ಕೆಲಸ ಇರಬೇಕು ಅಂತ ಗುರಿ ಇಟ್ಟರು. ಮುಟ್ಟಲಿಲ್ಲ. ಆಮೇಲೆ ಲೆಕ್ಕದ ವಯಸ್ಸನ್ನು 15–64ರಿಂದ 20–64ಕ್ಕೆ ಬದಲಿಸಿ, 2020ಕ್ಕೆ ಶೇ 75 ಅಂದರು. ಹತ್ತಿರ ಬರುವಷ್ಟರಲ್ಲಿ ಕೋವಿಡ್ ಬಂತು. ಈಗಿನ ಗುರಿ 2030ಕ್ಕೆ ಶೇ 78, ಇದು 2021ರಲ್ಲಿ ಪೋರ್ಟೊ ನಗರದಲ್ಲಿ ಒಪ್ಪಿದ್ದು. 2024ರಲ್ಲಿ ಶೇ 75.8ಕ್ಕೆ ಬಂದಿತ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಒಟ್ಟಿಗೆ ಕೂತು ಗುರಿ ಬರೆದದ್ದರಿಂದ ಜನರ ಬದುಕು ಅಷ್ಟಾಗಿ ಬದಲಾಗಲಿಲ್ಲ. ಬದಲಾದದ್ದು ಎರಡೇ ಕಡೆ. ಒಂದು, ಕೋರ್ಟಿಗೆ ಹೋಗಿ ಕೇಳಬಹುದಾದ ಹಕ್ಕು ಇರುವ ಕಡೆ. ಇನ್ನೊಂದು, ಕಷ್ಟಕಾಲದಲ್ಲಿ ಎಲ್ಲರೂ ಸೇರಿ ದುಡ್ಡು ಎತ್ತಿದ ಕಡೆ. ನಿಮಗೆ ಏನನ್ನಿಸುತ್ತದೆ?

ಲೆಕ್ಕದವಳು:

ಮಾಸ್ತರೇ, ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ಆ ಶೇ 70, 75, 78 ಅನ್ನೋ ಅಂಕಿಗಳ ಒಳಗೆ ಏನಿದೆ ಅಂತ ನೋಡದೆ ಮುಂದೆ ಹೋಗುವುದು ಬೇಡ. ನಾನು ಇಂಥ ಸಮೀಕ್ಷೆಗಳ ದತ್ತಾಂಶದಲ್ಲೇ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವ್ಯಾಖ್ಯೆ ಪ್ರಕಾರ, ಸಮೀಕ್ಷೆಯ ವಾರದಲ್ಲಿ ಸಂಬಳಕ್ಕಾಗಿ ಒಂದೇ ಒಂದು ಗಂಟೆ ಕೆಲಸ ಮಾಡಿದರೂ ಅವರನ್ನು ಉದ್ಯೋಗಿ ಅಂತಲೇ ಎಣಿಸುತ್ತಾರೆ. ಹೌದು, ಒಂದು ಗಂಟೆ. ದೇಶ ದೇಶಗಳ ನಡುವೆ ಹೋಲಿಕೆ ಮಾಡಲು ಇಂಥ ಒಂದು ಗೆರೆ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಅದೇ ಗೆರೆಯನ್ನು ನೀತಿಯ ಗುರಿ ಮಾಡಿಕೊಂಡರೆ ತೊಂದರೆ ಶುರು. ವಾರಕ್ಕೆ ಹತ್ತು ಗಂಟೆಯ ನಾಲ್ಕು ಕೆಲಸ ಸೃಷ್ಟಿಸಿದ ಸರ್ಕಾರಕ್ಕೆ, ನಲವತ್ತು ಗಂಟೆಯ ಒಂದು ಕೆಲಸ ಕೊಟ್ಟ ಸರ್ಕಾರಕ್ಕಿಂತ ನಾಲ್ಕು ಪಟ್ಟು ಅಂಕ ಸಿಗುತ್ತದೆ! ನೆದರ್‌ಲ್ಯಾಂಡ್ಸ್ ಶೇ 80 ದಾಟಿ ಪಟ್ಟಿಯ ಮೇಲ್ಭಾಗದಲ್ಲಿದೆ, ಆದರೆ ಅಲ್ಲಿ ಹೆಂಗಸರಲ್ಲಿ ಬಹುಪಾಲು ಜನ ಪಾರ್ಟ್ ಟೈಮ್. ಅವರಲ್ಲಿ ತುಂಬಾ ಮಂದಿ ಅದನ್ನೇ ಬಯಸಿ ಮಾಡುತ್ತಾರೆ, ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಬೇರೆ ದೇಶದಲ್ಲಿ ಪೂರ್ತಿ ಕೆಲಸ ಸಿಗದೆ ಅರ್ಧ ಕೆಲಸಕ್ಕೆ ಒಪ್ಪಿಕೊಂಡವಳೂ ಅದೇ ಕಾಲಮ್ಮಿನಲ್ಲಿ ಬರುತ್ತಾಳೆ.

ಇಷ್ಟು ಹೇಳಿದ ಮೇಲೂ, ಗುರಿ ಇಟ್ಟದ್ದರಿಂದ ಅಷ್ಟಾಗಿ ಏನೂ ಬದಲಾಗಲಿಲ್ಲ ಅನ್ನುವ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲ್ಲ. 2002ರಲ್ಲಿ ಬಾರ್ಸಿಲೋನಾದಲ್ಲಿ ಇನ್ನೊಂದು ಗುರಿ ಇಟ್ಟಿದ್ದರು. ಮೂರು ವರ್ಷದೊಳಗಿನ ಮಕ್ಕಳಲ್ಲಿ ಶೇ 33ಕ್ಕೆ, ಮೂರು ವರ್ಷ ದಾಟಿ ಶಾಲೆಗೆ ಸೇರದ ಮಕ್ಕಳಲ್ಲಿ ಶೇ 90ಕ್ಕೆ ಶಿಶುಪಾಲನಾ ವ್ಯವಸ್ಥೆ ಇರಬೇಕು ಅಂತ. ಇದು ಕೆಲಸದ ಗುರಿ ಅಲ್ಲ ಅನ್ನಿಸಬಹುದು. ಆದರೆ ಮಗುವನ್ನು ನೋಡಿಕೊಳ್ಳಲು ಜಾಗ ಇಲ್ಲದಿದ್ದರೆ ತಾಯಿ ಕೆಲಸಕ್ಕೆ ಹೋಗುವುದು ಹೇಗೆ? ಈ ಮಾತು ಅಲ್ಲಿಯವರೆಗೆ ಮನೆಯ ವಿಷಯ ಅಂತ ಬದಿಗೆ ಸರಿಯುತ್ತಿತ್ತು. ಅಂಕಿ ಬಂದ ಮೇಲೆ ಪ್ರತಿ ವರ್ಷ ಹಣಕಾಸು ಮಂತ್ರಿಯೂ ಉತ್ತರ ಕೊಡಬೇಕಾಯಿತು. ಜರ್ಮನಿ 2013ರ ಆಗಸ್ಟಿನಿಂದ ಒಂದು ವರ್ಷ ತುಂಬಿದ ಮಗುವಿಗೆ ಪಾಲನಾ ಕೇಂದ್ರದಲ್ಲಿ ಜಾಗ ಸಿಗುವುದನ್ನು ಕಾನೂನಿನ ಹಕ್ಕು ಮಾಡಿತು. ಅದು ಆ ದೇಶದ ಒಳಗಿನ ಹೋರಾಟದ ಫಲ, ಬ್ರಸೆಲ್ಸಿನ (ಒಕ್ಕೂಟದ ಮುಖ್ಯ ಕಚೇರಿಗಳು ಇರುವ ಊರು) ಕೊಡುಗೆ ಅಂತ ಹೇಳಲ್ಲ. ಆದರೆ ಆ ಹೋರಾಟದವರ ಕೈಗೆ ಒಂದು ಅಂಕಿ ಸಿಕ್ಕಿತ್ತು ಅನ್ನೋದು ಸಣ್ಣ ವಿಷಯ ಅಲ್ಲ.

ಗಡಿದಾಟಿದವ:

ಹಕ್ಕಿನ ಬಗ್ಗೆ ಮಾಸ್ತರು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಗಟ್ಟಿಯಾಗಿ ನಿಂತಿರುವುದು ಅದೊಂದೇ.

ಜನ 1997ರಿಂದ ಎಣಿಸುತ್ತಾರೆ, ಆದರೆ ಒಂದು ದೇಶದಲ್ಲಿ ದುಡಿದು ಇನ್ನೊಂದಕ್ಕೆ ಹೋದವರ ಸಾಮಾಜಿಕ ಭದ್ರತೆಯ ನಿಯಮ 1958ರಷ್ಟು ಹಳೆಯದು. ಆಗ ಇಟಲಿಯಿಂದ ಬೆಲ್ಜಿಯಮ್ಮಿನ ಗಣಿಗಳಿಗೆ ಕಾರ್ಮಿಕರು ಹೋಗುತ್ತಿದ್ದ ಕಾಲ. ಈಗ ನಡೆಯುತ್ತಿರುವುದು 2004ರ 883ನೇ ಸಂಖ್ಯೆಯ ನಿಯಮಾವಳಿ. ಅದರ ಸಾರ ಸರಳ. ಒಂದು ಸಮಯಕ್ಕೆ ಒಂದೇ ದೇಶದ ಕಾನೂನು ನಿಮಗೆ ಅನ್ವಯ. ಸಾಮಾನ್ಯವಾಗಿ ಎಲ್ಲಿ ದುಡಿಯುತ್ತೀರೋ ಅಲ್ಲಿ ವಂತಿಗೆ ಕಟ್ಟುತ್ತೀರಿ. ಬೇರೆ ಬೇರೆ ದೇಶದಲ್ಲಿ ದುಡಿದ ಅವಧಿಯನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಒಂದು ದೇಶದಲ್ಲಿ ನಾಲ್ಕು ವರ್ಷ, ಇನ್ನೊಂದರಲ್ಲಿ ಮೂರು ವರ್ಷ ಕಟ್ಟಿದ್ದು ಎಲ್ಲೂ ಮುಳುಗಿಹೋಗಲ್ಲ. ಮುಖ್ಯವಾಗಿ ಗಮನಿಸಿ, ಇಲ್ಲಿ ಯಾರೂ 27 ದೇಶಗಳ ಪಿಂಚಣಿಯನ್ನು ಒಂದೇ ಮಾಡಲಿಲ್ಲ. ಪ್ರತಿ ದೇಶದ ಪದ್ಧತಿ ಹಾಗೇ ಇದೆ. ಅವುಗಳ ನಡುವೆ ದಾಟುವವರು ಬಿದ್ದುಹೋಗದಂತೆ ಸೇತುವೆ ಹಾಕಿದರು, ಅಷ್ಟೇ. 2010ರ ಇನ್ನೊಂದು ನಿಯಮದಿಂದ, ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ನಮ್ಮಂಥ ಹೊರಗಿನವರಿಗೂ ಇದು ಸಿಗುತ್ತದೆ, ಡೆನ್ಮಾರ್ಕ್ ಒಂದನ್ನು ಬಿಟ್ಟು.

ನನ್ನ ಅನುಭವದಲ್ಲಿ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಲು ತಿಂಗಳುಗಟ್ಟಲೆ ಹಿಡಿಯಿತು. ಒಬ್ಬ ಅಧಿಕಾರಿ ಹಾಗೊಂದು ನಿಯಮವೇ ಇಲ್ಲ ಅಂದುಬಿಟ್ಟರು. ಆದರೆ ನಿಯಮ ಬರಹದಲ್ಲಿ ಇತ್ತು, ನಾನು ಅದರ ಕಲಮು ತೋರಿಸಿ ಪತ್ರ ಬರೆದೆ, ದುಡಿದ ಅವಧಿ ಸೇರಿಸಿದರು. ಮಾರ್ಗಸೂಚಿ ತೋರಿಸಿದ್ದರೆ ಯಾರೂ ಕದಲುತ್ತಿರಲಿಲ್ಲ.

ಲಕ್ಸೆಂಬರ್ಗಿನ ಉದಾಹರಣೆ ನೋಡಿ. ಅಲ್ಲಿ ಸಂಬಳಕ್ಕೆ ದುಡಿಯುವವರಲ್ಲಿ ಅರ್ಧದ ಹತ್ತಿರ ಜನ ಪ್ರತಿ ದಿನ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಗಡಿ ದಾಟಿ ಬರುತ್ತಾರೆ. ಕೋವಿಡ್ ಬಂದು ಮನೆಯಿಂದಲೇ ಕೆಲಸ ಶುರುವಾದಾಗ ದೊಡ್ಡ ಪೇಚಾಟ ಆಯಿತು. ವಾಸ ಮಾಡುವ ದೇಶದಲ್ಲೇ ಕೆಲಸದ ಶೇ 25 ಅಥವಾ ಅದಕ್ಕಿಂತ ಹೆಚ್ಚು ಭಾಗ ಮಾಡಿದರೆ ಸಾಮಾಜಿಕ ಭದ್ರತೆ ಆ ದೇಶಕ್ಕೆ ವರ್ಗ ಆಗಿಬಿಡುತ್ತದೆ. ಮೊದಲು ತಾತ್ಕಾಲಿಕ ರಿಯಾಯಿತಿ ಕೊಟ್ಟರು. 2023ರ ಜುಲೈ 1ರಿಂದ, ಸಹಿ ಹಾಕಿದ ದೇಶಗಳ ನಡುವೆ, ಮನೆಯಿಂದ ಮಾಡುವ ಕೆಲಸ ಶೇ 50ಕ್ಕಿಂತ ಕಡಿಮೆ ಇದ್ದರೆ ಮಾಲೀಕರ ದೇಶದಲ್ಲೇ ಭದ್ರತೆ ಉಳಿಸಿಕೊಳ್ಳಬಹುದು ಅಂತ ಒಪ್ಪಂದ ಆಯಿತು. ಸಮನ್ವಯ ಅಂದರೆ ನನಗೆ ಇದು.

ಸಂಶಯಿ:

ಎಲ್ಲರ ಮಾತೂ ಓದಿದೆ. ನನ್ನ ಪ್ರಶ್ನೆ ಬುಡದ್ದು. ಇಷ್ಟು ಬೇರೆ ಬೇರೆ ದೇಶಗಳಿಗೆ ಒಂದೇ ಉದ್ಯೋಗ ನೀತಿ ಬೇಕೇ ಬೇಕಾ? 2025ರ ಜನವರಿಯಲ್ಲಿ ಬಲ್ಗೇರಿಯಾದ ಕನಿಷ್ಠ ವೇತನ ತಿಂಗಳಿಗೆ 551 ಯೂರೋ, ಲಕ್ಸೆಂಬರ್ಗಿನಲ್ಲಿ 2,638. ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್, ಆಸ್ಟ್ರಿಯಾ, ಇಟಲಿಯಲ್ಲಿ ಸರ್ಕಾರ ನಿಗದಿ ಮಾಡುವ ಕನಿಷ್ಠ ವೇತನವೇ ಇಲ್ಲ. ಕಾರ್ಮಿಕ ಸಂಘಗಳೂ ಮಾಲೀಕರೂ ಕೂತು ಮಾತಾಡಿಕೊಳ್ಳುತ್ತಾರೆ.

ಒಂದು ಕಾಲದಲ್ಲಿ ಎಲ್ಲರೂ ಡೆನ್ಮಾರ್ಕ್ ಮಾದರಿ ಅಂತ ಹಾಡುತ್ತಿದ್ದರು. ಕೆಲಸದಿಂದ ತೆಗೆಯುವುದು ಸುಲಭ, ಆದರೆ ತೆಗೆದ ಮೇಲೆ ಒಳ್ಳೆ ಭತ್ಯೆ, ಜೊತೆಗೆ ಹೊಸ ಕೆಲಸಕ್ಕೆ ತರಬೇತಿ. 2007ರಲ್ಲಿ ಒಕ್ಕೂಟವೇ ಅದರ ತತ್ವಗಳನ್ನು ಒಪ್ಪಿತು. ಬೇರೆ ಕಡೆ ಏನಾಯಿತು? ಸಾಲದ ಬಿಕ್ಕಟ್ಟಿನ ವರ್ಷಗಳಲ್ಲಿ ದಕ್ಷಿಣದ ದೇಶಗಳು ಮೊದಲ ಭಾಗವನ್ನು ತಂದವು, ತೆಗೆಯುವುದು ಸುಲಭ ಆಯಿತು. ಭತ್ಯೆಗೆ, ತರಬೇತಿಗೆ ದುಡ್ಡೇ ಇರಲಿಲ್ಲ. ಆ ಮಾದರಿಯ ಹಿಂದೆ ಬಲವಾದ ಸಂಘಗಳು, ಜಾಸ್ತಿ ತೆರಿಗೆ, ಹತ್ತಾರು ವರ್ಷದ ನಂಬಿಕೆ ಇದೆ. ಅದನ್ನೆಲ್ಲ ಮಾರ್ಗಸೂಚಿಯಲ್ಲಿ ಬರೆದು ಕಳಿಸಲು ಆಗುತ್ತದಾ?

ನದಿತೀರ:

ಸಂಶಯಿ ಅವರೇ, ಡೆನ್ಮಾರ್ಕ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅದರಿಂದ ಆಯಾ ದೇಶ ತನ್ನ ಪಾಡಿಗೆ ಇರಲಿ ಅನ್ನೋ ತೀರ್ಮಾನಕ್ಕೆ ಬಂದರೆ ನಾನು ಬರಲ್ಲ. ಯಾಕೆಂದರೆ ಕಂಪನಿಗಳು ತಮ್ಮ ಪಾಡಿಗೆ ಒಂದೇ ದೇಶದಲ್ಲಿ ಇರುವುದಿಲ್ಲ.

ಲಾವಲ್ ಮೊಕದ್ದಮೆ ಗೊತ್ತಿರಬೇಕು. ಲಾಟ್ವಿಯಾದ ಒಂದು ಕಂಪನಿ ಸ್ವೀಡನ್ನಿನ ವಾಕ್ಸ್‌ಹೋಮ್ ಊರಿನಲ್ಲಿ ಶಾಲೆ ಕಟ್ಟುವ ಗುತ್ತಿಗೆ ಹಿಡಿಯಿತು, ತನ್ನ ಕೆಲಸಗಾರರನ್ನೇ ಕಳಿಸಿತು. ಸ್ವೀಡನ್ನಿನ ಕಟ್ಟಡ ಕಾರ್ಮಿಕರ ಸಂಘ ಇಲ್ಲಿಯ ವೇತನ ಒಪ್ಪಂದಕ್ಕೆ ಸಹಿ ಹಾಕಿ ಅಂತ ಕೇಳಿತು. ಕಂಪನಿ ಒಪ್ಪಲಿಲ್ಲ. ಸಂಘ ಕೆಲಸಕ್ಕೆ ತಡೆ ಹಾಕಿತು. 2007ರ ಡಿಸೆಂಬರಿನಲ್ಲಿ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯ ಸಂಘದ ಕ್ರಮ ಕಂಪನಿಯ ಸೇವಾ ಸ್ವಾತಂತ್ರ್ಯಕ್ಕೆ (ಒಕ್ಕೂಟದ ಬೇರೆ ದೇಶದಲ್ಲೂ ಕೆಲಸ ಹಿಡಿಯುವ ಹಕ್ಕಿಗೆ) ಅಡ್ಡಿ ಅಂತ ತೀರ್ಪು ಕೊಟ್ಟಿತು. ಅಂದರೆ ಮಾರುಕಟ್ಟೆಯ ಹಕ್ಕು ಇಡೀ ಒಕ್ಕೂಟಕ್ಕೆ ಒಂದೇ, ಅದರ ಹಿಂದೆ ಕೋರ್ಟ್ ನಿಂತಿದೆ. ಕಾರ್ಮಿಕರ ರಕ್ಷಣೆ ಮಾತ್ರ ದೇಶದೊಳಗಿನ ಪದ್ಧತಿ. ಎರಡೂ ಎದುರುಬದುರು ಬಂದಾಗ ಗೆಲ್ಲುವುದು ಯಾವುದು ಅಂತ ಕೇಳಬೇಕಾ? ನನಗೆ ಈ ತೀರ್ಪು ಇವತ್ತಿಗೂ ನೋವು ಕೊಡುತ್ತದೆ.

ಸರಿಪಡಿಸಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಬೇರೆ ದೇಶಕ್ಕೆ ಕಳಿಸಿದ ಕಾರ್ಮಿಕರ ಬಗ್ಗೆ 1996ರಲ್ಲಿ ಬಂದ ನಿರ್ದೇಶನದಲ್ಲಿ (ಪ್ರತಿ ದೇಶ ತನ್ನ ಕಾನೂನಿಗೆ ಸೇರಿಸಿಕೊಳ್ಳಬೇಕಾದ ಒಕ್ಕೂಟದ ನಿಯಮ) ಹೋದ ದೇಶದ ಕನಿಷ್ಠ ದರ ಕೊಟ್ಟರೆ ಸಾಕಿತ್ತು. 2018ರಲ್ಲಿ ಅದನ್ನು ತಿದ್ದಿ, ಅಲ್ಲಿಯ ಕಾನೂನು ಅಥವಾ ಎಲ್ಲರಿಗೂ ಅನ್ವಯಿಸುವ ವೇತನ ಒಪ್ಪಂದದ ಪ್ರಕಾರ ಸಿಗಬೇಕಾದ ಪೂರ್ತಿ ಸಂಭಾವನೆ ಕೊಡಬೇಕು ಅಂತ ಮಾಡಿದರು. ಅದು ಅನ್ವಯ ಆದದ್ದು 2020ರ ಜುಲೈ 30ರಿಂದ. ಹನ್ನೆರಡು ತಿಂಗಳು ದಾಟಿದರೆ (ಕಾರಣ ಕೊಟ್ಟು ಹದಿನೆಂಟಕ್ಕೆ ವಿಸ್ತರಿಸಬಹುದು) ಆ ದೇಶದ ಹೆಚ್ಚುಕಡಿಮೆ ಎಲ್ಲ ಕಾರ್ಮಿಕ ನಿಯಮಗಳೂ ಅನ್ವಯ. ನಿಯಮ ಪಾಲನೆ ನೋಡಲು 2019ರಲ್ಲಿ ಒಂದು ಐರೋಪ್ಯ ಕಾರ್ಮಿಕ ಪ್ರಾಧಿಕಾರ ಮಾಡಿದರು, ಅದರ ಕಚೇರಿ ಬ್ರಾಟಿಸ್ಲಾವಾದಲ್ಲಿದೆ. ಆದರೆ ದಾಳಿ ಮಾಡಿ ತಪಾಸಣೆ ನಡೆಸುವ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ದೇಶಗಳು ಒಪ್ಪಿದರೆ ಜಂಟಿ ತಪಾಸಣೆಗೆ ಸಹಾಯ ಮಾಡಬಹುದು. ಇದು ಸಾಲದು ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ.

ಕನಿಷ್ಠ ವೇತನದ ಬಗ್ಗೆ 2022ರಲ್ಲಿ ಬಂದ ನಿರ್ದೇಶನವೂ ಎಲ್ಲರಿಗೂ ಒಂದೇ ಸಂಬಳ ಅಂತ ಹೇಳಲ್ಲ. ನಿಮ್ಮ ದೇಶದ ಮಧ್ಯಮ ವೇತನದ (ಎಲ್ಲರ ಸಂಬಳ ಏರಿಕೆಯ ಕ್ರಮದಲ್ಲಿ ಇಟ್ಟರೆ ನಟ್ಟನಡುವೆ ಬರುವುದು) ಶೇ 60 ಥರದ ಅಳತೆಗೋಲು ಇಟ್ಟುಕೊಂಡು ನೋಡಿ ಅನ್ನುತ್ತದೆ. ಸಾಮೂಹಿಕ ವೇತನ ಒಪ್ಪಂದಗಳ ವ್ಯಾಪ್ತಿಗೆ ಬರುವ ಕೆಲಸಗಾರರು ಶೇ 80ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿಸಲು ಯೋಜನೆ ಮಾಡಿ ಅನ್ನುತ್ತದೆ. ಆದರೂ ಡೆನ್ಮಾರ್ಕ್ ಕೋರ್ಟಿಗೆ ಹೋಯಿತು, ಸ್ವೀಡನ್ ಜೊತೆಗೆ ನಿಂತಿತು. 2025ರ ನವೆಂಬರಿನಲ್ಲಿ ನ್ಯಾಯಾಲಯ ಕೆಲವು ಭಾಗ ರದ್ದು ಮಾಡಿ ಉಳಿದದ್ದನ್ನು ಎತ್ತಿಹಿಡಿಯಿತು.

ಹೊಸಬ:

ನಾನು ಈ ವಿಷಯ ಈಗಷ್ಟೇ ಓದುತ್ತಿದ್ದೇನೆ. ಯುವಕರಿಗೆ ಕೆಲಸದ ಗ್ಯಾರಂಟಿ ಅಂತ ಒಂದು ಯೋಜನೆ ಇತ್ತಲ್ವಾ? ಅದು ಕೆಲಸ ಮಾಡಿತಾ?

ಲೆಕ್ಕದವಳು:

ಇದೆ, ಈಗಲೂ ಇದೆ. 2013ರ ಏಪ್ರಿಲ್‌ನಲ್ಲಿ ಮಂತ್ರಿಗಳ ಮಂಡಳಿ ಶಿಫಾರಸು ಮಾಡಿತು. 25 ವರ್ಷದೊಳಗಿನ ಯಾರೇ ಆಗಲಿ, ಓದು ಬಿಟ್ಟ ಅಥವಾ ಕೆಲಸ ಹೋದ ನಾಲ್ಕು ತಿಂಗಳೊಳಗೆ ಕೆಲಸ, ಅಪ್ರೆಂಟಿಸ್‌ಶಿಪ್, ತರಬೇತಿ ಅಥವಾ ಮುಂದಿನ ಓದು, ಇವುಗಳಲ್ಲಿ ಒಂದಕ್ಕೆ ಒಳ್ಳೆಯ ಅವಕಾಶ ಸಿಗಬೇಕು ಅಂತ. ಆಗ ಗ್ರೀಸ್, ಸ್ಪೇನಿನಲ್ಲಿ ಕೆಲಸದಲ್ಲಿದ್ದ ಇಲ್ಲವೇ ಕೆಲಸ ಹುಡುಕುತ್ತಿದ್ದ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಇರಲಿಲ್ಲ. 2020ರಲ್ಲಿ ವಯಸ್ಸಿನ ಮಿತಿಯನ್ನು 30ಕ್ಕೆ ಏರಿಸಿದರು.

ಯುವ ನಿರುದ್ಯೋಗ ಆಮೇಲೆ ಇಳಿಯಿತು ನಿಜ, ಆದರೆ ಆರ್ಥಿಕತೆ ಚೇತರಿಸಿಕೊಂಡದ್ದರಲ್ಲಿ ಯೋಜನೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಐರೋಪ್ಯ ಲೆಕ್ಕಪರಿಶೋಧಕರು 2017ರಲ್ಲಿ ಏಳು ದೇಶಗಳನ್ನು ನೋಡಿ ವರದಿ ಕೊಟ್ಟರು. ಓದು, ಕೆಲಸ ಎರಡೂ ಇಲ್ಲದ ಎಲ್ಲ ಯುವಜನರಿಗೂ ನಾಲ್ಕು ತಿಂಗಳಲ್ಲಿ ಅವಕಾಶ ಕೊಡಲು ಒಂದು ದೇಶಕ್ಕೂ ಆಗಿರಲಿಲ್ಲ. ಕಾರಣ ಗೊತ್ತಾ? ಕಾಗದದಲ್ಲಿ ಏನೇ ಇದ್ದರೂ, ನಡೆಯುವಾಗ ನಾಲ್ಕು ತಿಂಗಳ ಗಡಿಯಾರ ಓಡುವುದು ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿದ ಮೇಲೆ. ನಿಜವಾಗಿ ಸಹಾಯ ಬೇಕಾದ ಹುಡುಗ ಹುಡುಗಿಯರು ಆ ಕಚೇರಿಯ ಬಾಗಿಲಿಗೇ ಬರಲ್ಲ. ಫಿನ್‌ಲ್ಯಾಂಡ್ ಥರದ ಕಡೆ ಶಾಲೆ ಬಿಟ್ಟವರನ್ನು ಹುಡುಕಿಕೊಂಡು ಹೋಗುವ ಯುವ ಕಾರ್ಯಕರ್ತರ ವ್ಯವಸ್ಥೆ ಮೊದಲೇ ಇತ್ತು. ದಕ್ಷಿಣದ ಹಲವು ಕಡೆ ಒಬ್ಬೊಬ್ಬ ಸಿಬ್ಬಂದಿಯ ಮುಂದೆ ನೂರಾರು ಜನರ ಸಾಲು. ದುಡ್ಡು ಬ್ರಸೆಲ್ಸಿನಿಂದ ಬರಬಹುದು, ಸಿಬ್ಬಂದಿಯನ್ನು ಬೆಳೆಸಲು ವರ್ಷಗಳೇ ಬೇಕು.

ಹಳೇಮಾಸ್ತರ:

ಎಲ್ಲರಿಗೂ ಧನ್ಯವಾದ. ಶಿಶುಪಾಲನೆಯ ವಿಷಯದಲ್ಲಿ ಲೆಕ್ಕದವಳು ಹೇಳಿದ್ದು ನನಗೆ ಹಿಡಿಸಿತು. ಸಂಶಯಿ ಅವರ ಬುಡದ ಪ್ರಶ್ನೆಗೆ ನನ್ನ ಉತ್ತರ ಕೊಡುತ್ತೇನೆ.

ಸ್ವಂತ ನಾಣ್ಯ ಇರುವ ದೇಶಕ್ಕೆ ಏಟು ಬಿದ್ದಾಗ ನಾಣ್ಯದ ಬೆಲೆ ಇಳಿಯುತ್ತದೆ, ರಫ್ತು ಅಗ್ಗವಾಗುತ್ತದೆ, ಬಡ್ಡಿ ಇಳಿಸಬಹುದು. ಯೂರೋ ಒಳಗಿರುವ ದೇಶಕ್ಕೆ ಆ ದಾರಿಗಳು ಮುಚ್ಚಿವೆ. ಉಳಿಯುವುದು ಸಂಬಳ ಕಡಿತ, ಕೆಲಸ ಕಡಿತ, ಇಲ್ಲವೇ ಊರು ಬಿಟ್ಟು ಹೋಗುವುದು. 2010ರ ನಂತರ ಗ್ರೀಸ್, ಪೋರ್ಚುಗಲ್, ಸ್ಪೇನಿನಲ್ಲಿ ಈ ಮೂರೂ ಆಯಿತು. ಅಂದರೆ ನಾಣ್ಯ ಒಂದು ಮಾಡಿದ ದಿನವೇ ಉದ್ಯೋಗದ ಹೊಣೆಯಲ್ಲಿ ಪಾಲು ತೆಗೆದುಕೊಂಡ ಹಾಗಾಯಿತು, ಒಪ್ಪಂದದಲ್ಲಿ ಬರೆದಿರಲಿ ಬಿಡಲಿ. ಹಾಗಾಗಿ ಬೇಕಾ ಬೇಡವಾ ಅನ್ನುವ ಪ್ರಶ್ನೆ ಆಗಲೇ ಮುಗಿದಿದೆ. ಡೆನ್ಮಾರ್ಕಿನ ಪದ್ಧತಿಯನ್ನು ಇಟಲಿಗೆ ಕಳಿಸಬೇಡಿ, ಒಪ್ಪುತ್ತೇನೆ. ಆದರೆ ಇಟಲಿಗೆ ಏಟು ಬಿದ್ದ ವರ್ಷ ಅಲ್ಲಿಯ ಕೆಲಸಗಾರರ ಖರ್ಚಿಗೆ ಎಲ್ಲರೂ ಕೈ ಹಾಕಬೇಕು.

2020ರಲ್ಲಿ ಅದನ್ನು ಒಮ್ಮೆ ಮಾಡಿ ತೋರಿಸಿದರು. ಆ ಯೋಜನೆಯ ಹೆಸರು ಶ್ಯೂರ್. ಜರ್ಮನಿಯಲ್ಲಿ ಕುರ್ಟ್ಸ್‌ಆರ್ಬೈಟ್ ಅಂತ ಹಳೆಯ ಪದ್ಧತಿ ಇದೆ. ಕಂಪನಿಗೆ ಕೆಲಸ ಕಡಿಮೆಯಾದಾಗ ಜನರನ್ನು ತೆಗೆಯುವ ಬದಲು ಗಂಟೆ ಕಡಿಮೆ ಮಾಡುತ್ತಾರೆ, ಕೈಗೆ ಬರುವ ಸಂಬಳದಲ್ಲಿ ಕಡಿಮೆಯಾದ ಭಾಗದ ಶೇ 60ನ್ನು, ಮಕ್ಕಳಿದ್ದರೆ ಶೇ 67ನ್ನು ಸರ್ಕಾರಿ ಉದ್ಯೋಗ ಸಂಸ್ಥೆ ತುಂಬುತ್ತದೆ. ಕೋವಿಡ್ ಸಮಯದಲ್ಲಿ ಎಲ್ಲ ದೇಶಗಳೂ ಇಂಥದ್ದನ್ನು ಮಾಡಿದವು, ಆದರೆ ಎಲ್ಲರ ಹತ್ತಿರ ದುಡ್ಡು ಇರಲಿಲ್ಲ. ಆಗ ಸದಸ್ಯ ದೇಶಗಳೆಲ್ಲ ಸೇರಿ 2,500 ಕೋಟಿ ಯೂರೋ ಖಾತರಿ ಕೊಟ್ಟವು. ಅದರ ಬಲದ ಮೇಲೆ ಕಮಿಷನ್ ತಾನೇ ಸಾಲಪತ್ರ ಮಾರಿ ದುಡ್ಡೆತ್ತಿ, ಬೇಕಾದ ದೇಶಗಳಿಗೆ ಕಡಿಮೆ ಬಡ್ಡಿಗೆ ಕೊಟ್ಟಿತು. ಒಟ್ಟು ಸುಮಾರು 9,800 ಕೋಟಿ ಯೂರೋ, 19 ದೇಶಗಳಿಗೆ. ಇಟಲಿಗೆ 2,740 ಕೋಟಿ, ಸ್ಪೇನಿಗೆ 2,130 ಕೋಟಿ. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ನಿರುದ್ಯೋಗ ಶೇ 14 ದಾಟಿತು. ಒಕ್ಕೂಟದಲ್ಲಿ ಶೇ 8ರ ಒಳಗೇ ನಿಂತಿತು.

ಲೆಕ್ಕದವಳು:

ಒಂದು ತಿದ್ದುಪಡಿ ಮಾಸ್ತರೇ. ಆ ಹೋಲಿಕೆ ಪೂರ್ತಿ ಸರಿಸಮ ಅಲ್ಲ. ಗಂಟೆ ಕಡಿಮೆಯಾಗಿ ಮನೆಯಲ್ಲಿ ಕೂತವರನ್ನು ಯುರೋಪಿನಲ್ಲಿ ಉದ್ಯೋಗಿ ಅಂತಲೇ ಎಣಿಸಿದರು, ಅಮೆರಿಕದಲ್ಲಿ ತಾತ್ಕಾಲಿಕವಾಗಿ ಮನೆಗೆ ಕಳಿಸಿದವರನ್ನು ನಿರುದ್ಯೋಗಿ ಅಂತ ಎಣಿಸಿದರು. ದುಡಿದ ಗಂಟೆಗಳನ್ನು ನೋಡಿದರೆ ಎರಡೂ ಕಡೆ ಕುಸಿತ ದೊಡ್ಡದೇ. ಆದರೆ ಕೆಲಸಗಾರರಿಗೆ ಅದೇ ಕಂಪನಿಯ ನಂಟು ಉಳಿಯಿತು, ಕೆಲಸ ಮತ್ತೆ ಶುರುವಾದಾಗ ಅರ್ಜಿ ಹಾಕಬೇಕಾಗಲಿಲ್ಲ. ಅದರ ಬೆಲೆ ಈ ಅಂಕಿಯಲ್ಲಿ ಬರಲ್ಲ.

ಸಂಶಯಿ:

ಶ್ಯೂರ್ ಕೂಡ ಸಾಲವೇ ತಾನೇ? ಇಟಲಿ ಅದನ್ನು ತೀರಿಸಬೇಕು. ಅದೂ 2022ರ ಕೊನೆಗೆ ಮುಗಿದುಹೋಯಿತು. ಶಾಶ್ವತ ನಿರುದ್ಯೋಗ ವಿಮೆಯ ಮಾತು ಎಷ್ಟೋ ವರ್ಷದಿಂದ ಇದೆ, ಯಾರೂ ಮುಟ್ಟಿಲ್ಲ. ನನ್ನ ಶಿಸ್ತಿನ ದುಡ್ಡು ನಿನ್ನ ಸೋಮಾರಿತನಕ್ಕೆ ಯಾಕೆ ಅಂತ ಉತ್ತರದ ದೇಶಗಳ ಮತದಾರರು ಕೇಳುತ್ತಾರೆ. ಆ ಮಾತಿನ ಧಾಟಿ ನನಗೂ ಇಷ್ಟ ಇಲ್ಲ, ಆದರೆ ಉತ್ತರ ಕೊಡಲೇಬೇಕಲ್ಲ.

ಹಳೇಮಾಸ್ತರ:

ಕೊಡಬೇಕು. ನನ್ನ ಉತ್ತರ ಮರುವಿಮೆ, ಅಂದರೆ ದೇಶಗಳ ವಿಮೆಗೇ ಮೇಲೊಂದು ವಿಮೆ. ಮಾಮೂಲಿ ವರ್ಷಗಳ ನಿರುದ್ಯೋಗ ಭತ್ಯೆ ಆಯಾ ದೇಶದ್ದೇ, ಅದರಲ್ಲಿ ಕೈ ಹಾಕುವುದು ಬೇಡ. ಒಂದು ದೇಶದ ನಿರುದ್ಯೋಗ ತನ್ನದೇ ಹಿಂದಿನ ಸರಾಸರಿಗಿಂತ ಒಮ್ಮೆಲೇ ಇಷ್ಟು ಅಂಶ ಏರಿದರೆ ಮಾತ್ರ ಜಂಟಿ ನಿಧಿಯಿಂದ ದುಡ್ಡು ಹೋಗಲಿ. ಪಕ್ಕದ ದೇಶದ ಜೊತೆ ಹೋಲಿಕೆ ಇಲ್ಲ, ತನ್ನ ಜೊತೆಗೇ ಹೋಲಿಕೆ. ಆಗ ಯಾವಾಗಲೂ ಶೇ 12 ಇರುವ ದೇಶಕ್ಕೆ ಸುಮ್ನೆ ದುಡ್ಡು ಹರಿಯಲ್ಲ, ಶೇ 4ರಿಂದ 7ಕ್ಕೆ ಹಾರಿದ ಉತ್ತರದ ದೇಶಕ್ಕೂ ಸಿಗುತ್ತದೆ. ಪದೇ ಪದೇ ತೆಗೆದುಕೊಂಡವರ ವಂತಿಗೆ ಏರಲಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಜನರನ್ನು ಪದೇ ಪದೇ ತೆಗೆಯುವ ಕಂಪನಿಗೆ ನಿರುದ್ಯೋಗ ತೆರಿಗೆ ಜಾಸ್ತಿ ಹಾಕುತ್ತಾರೆ, ತತ್ವ ಅದೇ.

ಹೊಸಬ:

ಗಡಿದಾಟಿದವ ಅಣ್ಣ, ಒಂದು ಪ್ರಾಯೋಗಿಕ ಪ್ರಶ್ನೆ. ಒಂದು ದೇಶದಲ್ಲಿ ಕೆಲಸ ಹೋಯಿತು, ಭತ್ಯೆ ಬರುತ್ತಿದೆ ಅಂದುಕೊಳ್ಳಿ. ಇನ್ನೊಂದು ದೇಶಕ್ಕೆ ಕೆಲಸ ಹುಡುಕಲು ಹೋದರೆ ಭತ್ಯೆ ನಿಂತುಹೋಗುತ್ತದಾ?

ಗಡಿದಾಟಿದವ:

ನಿಲ್ಲಬೇಕಾಗಿಲ್ಲ ತಮ್ಮಾ. ಸಾಮಾನ್ಯವಾಗಿ ಮೊದಲ ದೇಶದ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ ನಾಲ್ಕು ವಾರ ಆಗಿರಬೇಕು. ಅಲ್ಲಿಂದ ಯು2 ಅನ್ನೋ ಕಾಗದ ತೆಗೆದುಕೊಂಡು, ಹೋದ ದೇಶದಲ್ಲಿ ಏಳು ದಿನದೊಳಗೆ ಹೆಸರು ಬರೆಸಬೇಕು. ಮೂರು ತಿಂಗಳು ಭತ್ಯೆ ಹಳೆಯ ದೇಶದಿಂದಲೇ ಬರುತ್ತದೆ. ಕೆಲವು ದೇಶಗಳು ಆರು ತಿಂಗಳವರೆಗೆ ವಿಸ್ತರಿಸುತ್ತವೆ, ಅದು ಅವರ ಇಷ್ಟ. ಅವಧಿ ಮುಗಿಯುವ ಮೊದಲು ವಾಪಸ್ ಬರದಿದ್ದರೆ ಉಳಿದ ಭತ್ಯೆಯ ಹಕ್ಕು ಹೋಗಬಹುದು, ಅದನ್ನು ಮಾತ್ರ ಮರೆಯಬೇಡಿ. ಮತ್ತೆ, ನೀವು ಒಕ್ಕೂಟದ ಪ್ರಜೆ ಅಲ್ಲದಿದ್ದರೆ ಈ ಕಾಗದ ಒಂದೇ ಸಾಲದು. ಹೋಗುವ ದೇಶದಲ್ಲಿ ಇದ್ದು ಕೆಲಸ ಹುಡುಕುವ, ಕೆಲಸ ಮಾಡುವ ಹಕ್ಕು ನಿಮ್ಮ ಪರವಾನಗಿಯಲ್ಲಿ ಇರಬೇಕು. ಅದನ್ನು ಮೊದಲು ನೋಡಿಕೊಂಡು ಆಮೇಲೆ ಯು2 ಕೇಳಿ.